ಸಾಲ್ತಿಲ್ಲ ಅಂದೋರ ಮನೆ ಲೆಕ್ಕ: ಒಂದು ಪ್ರಕರಣ

ಕೈತುಂಬ ಸಂಬಳ ತಗೊಳ್ಳೋರು ‘ಎಲ್ರೀ, ದುಡ್ಡೇ ಸಾಲ್ತಿಲ್ಲ’ ಅಂದ್ರೆ ಕೇಳಿಸ್ಕೊಂಡೋರಿಗೆ ಒಂದೋ ಮೈ ಉರಿಯುತ್ತೆ ಇಲ್ಲಾ ನಗು ಬರುತ್ತೆ. ನನಗೆ ನಗು ಬಂದಿತ್ತು. ಒಂದೂವರೆ ವರ್ಷದ ಹಿಂದೆ ಪರಿಚಯದೋರೊಬ್ರು ಫೋನ್ ಮಾಡಿ, ಇಬ್ರೂ ದುಡಿಯೋ ಗಂಡ ಹೆಂಡ್ತಿ, ಒಳ್ಳೆ ಸಂಬಳ, ತಿಂಗಳ ಕೊನೆಗೆ ಪರದಾಡ್ತಾರೆ, ಒಂದ್ಸಲ ಲೆಕ್ಕ ನೋಡಿ ಕೊಡ್ತೀರಾ ಅಂದಾಗ ‘ಅವರಿಗೇನ್ ಕಷ್ಟ ಬಿಡಿ’ ಅಂತ ಬಾಯ್ಬಿಟ್ಟೇ ಅಂದಿದ್ದೆ. ನನ್ ಕೆಲಸ ಅಕೌಂಟ್ಸು. ಸಲಹೆಗಾರ ಅಂತ ಬೋರ್ಡೇನೂ ಹಾಕ್ಕೊಂಡಿಲ್ಲ, ಗೊತ್ತಿರೋರು ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡ್ಕೊಂಡು ಬಂದ್ರೆ ಕೂತು ನೋಡ್ತೀನಿ ಅಷ್ಟೇ.

ಹೆಸರು, ಊರು, ಕಂಪನಿ ಯಾವುದೂ ಹೇಳಲ್ಲ, ಗುರುತು ಹತ್ತೋ ಒಂದೆರಡು ವಿವರ ಬದಲಾಯಿಸಿದೀನಿ, ಬರೀತೀನಿ ಅಂತ ಇಬ್ಬರನ್ನೂ ಕೇಳಿದೀನಿ. ಗಂಡನ್ನ ಯಜಮಾನ್ರು ಅಂತೀನಿ, ಹೆಂಡ್ತಿನ ಮೇಡಂ ಅಂತೀನಿ. ಸಂಬಳದ ಮೊತ್ತನೂ ಹಾಕಲ್ಲ. ಅವರಿಬ್ಬರ ಕೈಗೆ ಸೇರಿ ತಿಂಗಳಿಗೆ ಬರೋದನ್ನ 100 ಅಂತ ಇಟ್ಕೊಳ್ಳಿ, ಮುಂದೆ ಬರೋ ಎಲ್ಲಾ ಅಂಕಿನೂ ಆ 100ರ ಲೆಕ್ಕದಲ್ಲೇ. ಹೀಗೆ ಮಾಡೋದ್ರಿಂದ ಇನ್ನೊಂದು ಅನುಕೂಲ ಇದೆ, ಓದೋರು ‘ಅಷ್ಟು ಬರುತ್ತಾ ಇವರಿಗೆ!’ ಅಂತ ಅಲ್ಲೇ ನಿಂತ್ಕೊಳ್ಳಲ್ಲ, ಅವರವರ ಸಂಬಳ ಹಾಕ್ಕೊಂಡು ನೋಡ್ಬಹುದು.

ಹಿನ್ನೆಲೆ ಇಷ್ಟು. ಇಬ್ಬರಿಗೂ 40ರ ಆಸುಪಾಸು, ಖಾಸಗಿ ಕೆಲಸ, ಇಬ್ಬರು ಮಕ್ಕಳು. ಒಂಬತ್ತು ವರ್ಷದ ಹಿಂದೆ ಇಬ್ಬರ ಸಂಬಳ ಸೇರಿ ಇವತ್ತಿನ ಲೆಕ್ಕದಲ್ಲಿ 30 ಇತ್ತಂತೆ. ಅಂದ್ರೆ ಒಂಬತ್ತು ವರ್ಷದಲ್ಲಿ ಮೂರು ಪಟ್ಟಿಗಿಂತ ಜಾಸ್ತಿ ಆಗಿದೆ. ಬೆಲೆ ಏರಿಕೆ ಕಳೆದ್ರೂ ಒಳ್ಳೇ ಏರಿಕೆನೇ. ಮನೆ ಇದೆ, ಸಾಲದಲ್ಲಿ. ಎರಡು ಕಾರು, ಎರಡನೇದು ಸಾಲದಲ್ಲಿ. ಖಾಲಿ ಸೈಟ್ ಒಂದಿದೆ, ಅದು ಮಾತ್ರ ಸಾಲ ಇಲ್ದೆ, ಹಳೇ ಉಳಿತಾಯದಲ್ಲಿ ತಗೊಂಡಿದ್ದು. ಕುಡಿತ, ಜೂಜು, ಷೇರಲ್ಲಿ ಕಳ್ಕೊಂಡಿದ್ದು ಏನೂ ಇಲ್ಲ. ಇದನ್ನ ಯಾಕೆ ಹೇಳ್ದೆ ಅಂದ್ರೆ ಹೊರಗಿನೋರು ಮೊದಲು ಹುಡುಕೋದೇ ಅದನ್ನ, ಅಂಥದ್ದೊಂದು ಸಿಕ್ಕಿದ್ರೆ ಕಥೆ ಸುಲಭ ಆಗ್ತಿತ್ತು.

ಮೊದಲನೇ ಸಲ ಬಂದಾಗ ಯಜಮಾನ್ರು ಒಂದು ಎಕ್ಸೆಲ್ ಶೀಟ್ ತಂದಿದ್ರು, ಬಣ್ಣ ಬಣ್ಣದ ಕಾಲಂ. ಅದ್ರಲ್ಲಿ ತಿಂಗಳ ಖರ್ಚು 91, ಉಳಿತಾಯ 9 ಅಂತಿತ್ತು. ಆ 9 ಎಲ್ಲಿದೆ ಸರ್ ಅಂದೆ. ಅವರು ಮೇಡಂ ಮುಖ ನೋಡಿದ್ರು, ಮೇಡಂ ಶೀಟ್ ನೋಡಿದ್ರು. ಎಲ್ಲೂ ಇರ್ಲಿಲ್ಲ.

ಶೀಟ್ ಪಕ್ಕಕ್ಕಿಟ್ಟು ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟು, ಎರಡು ಕಾರ್ಡಿನ ಬಿಲ್ಲು ಪ್ರಿಂಟ್ ತೆಗ್ಸಿ ತರೋಕೆ ಹೇಳಿದೆ. ಎರಡನೇ ಸಲ ಬಂದಿದ್ದು 5ನೇ ತಾರೀಖು ಬೆಳಗ್ಗೆ, ಬೇಕು ಅಂತ ಆರಿಸಿದ ದಿನ ಅಲ್ಲ, ಹಾಗೇ ಕೂಡಿ ಬಂತು. ಯಜಮಾನ್ರು ಫೋನ್ ಟೇಬಲ್ ಮೇಲಿಟ್ಟಿದ್ರು. ನಾನು ಮಾರ್ಕರ್ ಹಿಡ್ಕೊಂಡು ಮೊದಲನೇ ಪುಟ ಶುರು ಮಾಡಿದ್ದೆ, ಫೋನ್ ಟಣ್ ಅಂತು, ಮನೆ ಸಾಲದ ಕಂತು ಕಟ್ ಆಯ್ತು. ಸ್ವಲ್ಪ ಹೊತ್ತಿಗೆ ಮತ್ತೆ ಟಣ್, ಕಾರಿಂದು. ಆಮೇಲೆ ಪರ್ಸನಲ್ ಲೋನು. ಮೂರನೇ ಸಲಕ್ಕೆ ಅವರು ಫೋನ್ ಮಗುಚಿ ಇಟ್ರು, ಮೆಸೇಜ್ ನೋಡ್ಲೂ ಇಲ್ಲ, ಯಾವ್ದು ಅಂತ ಅವರಿಗೆ ಗೊತ್ತು. ನಾವು ಅಲ್ಲಿ ಕೂತಿದ್ದ ಅರ್ಧ ಗಂಟೇಲಿ 100ರಲ್ಲಿ 50 ಹೋಗಿತ್ತು. ಒಂದು ರೂಪಾಯಿನೂ ಅವತ್ತು ಅವರು ಖರ್ಚು ಮಾಡಿದ್ದಲ್ಲ, ಯಾವತ್ತೋ ಸೈನ್ ಹಾಕಿದ್ದು.

ಮೂರು ಗಂಟೆ ಕೂತು ಪೂರ್ತಿ ಬಿಡಿಸಿದ್ಮೇಲೆ ಸಿಕ್ಕ ಲೆಕ್ಕ ಇದು. ಮನೆ ಕಂತು 34, ಕಾರು 9, ಪರ್ಸನಲ್ ಲೋನ್ 7, ಕಾರ್ಡಲ್ಲಿ ಫೋನು ಫರ್ನಿಚರ್ರು ಒಂದು ಪ್ರವಾಸ ಅಂತ ಕಂತಿಗೆ ಹಾಕಿಸ್ಕೊಂಡಿದ್ದು 6, ಮಕ್ಕಳ ಸ್ಕೂಲ್ ಫೀಸ್ ವರ್ಷದ್ದನ್ನ ತಿಂಗಳಿಗೆ ಹಂಚಿದ್ರೆ 12, ಇನ್ಶೂರೆನ್ಸ್ ಪಾಲಿಸಿಗಳು 5. ಇಷ್ಟಕ್ಕೇ 73. ಇದು ಕದಲೋ ದುಡ್ಡಲ್ಲ. ಆಮೇಲೆ ಮನೆ ನಡೆಯೋಕೆ 17, ಅಪ್ಪ ಅಮ್ಮಂಗೆ 4, ಅಲ್ಲಿಗೆ 94. ಮಿಕ್ಕಿದ್ದೆಲ್ಲ, ಅಂದ್ರೆ ಹೊರಗಡೆ ಊಟ, ಬಟ್ಟೆ, ಗಿಫ್ಟು, ಓಡಾಟ, ಆನ್‌ಲೈನಲ್ಲಿ ತರಿಸೋದು, 13. ಒಟ್ಟು 107.

ಎಕ್ಸೆಲ್ ಶೀಟಲ್ಲಿ 91 ಹೇಗ್ ಬಂತು ಅಂದ್ರೆ ಸ್ಕೂಲ್ ಫೀಸನ್ನೇ ಅವರು ಅದ್ರಲ್ಲಿ ಹಾಕಿರ್ಲಿಲ್ಲ, ಅದು ‘ವರ್ಷಕ್ಕೊಂದ್ಸಲದ್ದು’, ಪಾಲಿಸಿ ಪ್ರೀಮಿಯಂನಲ್ಲೂ ಮುಕ್ಕಾಲು ಭಾಗ ಹಾಗೇ ಬಿಟ್ಟಿತ್ತು. ವರ್ಷಕ್ಕೊಂದ್ಸಲದ ಖರ್ಚು ಪ್ರತಿ ವರ್ಷ ಬರುತ್ತೆ ಅನ್ನೋದು ಶೀಟಿಗೆ ಗೊತ್ತಿರ್ಲಿಲ್ಲ.

ಸರಿ, ತಿಂಗಳಿಗೆ 7 ಜಾಸ್ತಿ ಖರ್ಚಾಗ್ತಿದ್ರೆ ಇಷ್ಟು ವರ್ಷ ಬಂಡಿ ಓಡಿದ್ದು ಹೇಗೆ? ಇದು ನನಗೆ ತಕ್ಷಣ ಹೊಳೀಲಿಲ್ಲ. ತಿಂಗಳಿಗೆ 7 ಅಂದ್ರೆ ವರ್ಷಕ್ಕೆ 84. ಇಬ್ಬರಿಗೂ ಸೇರಿ ವರ್ಷಕ್ಕೊಂದ್ಸಲ ಬರ್ತಿದ್ದ ಬೋನಸ್ಸು 80. ಅಷ್ಟೇ! ವರ್ಷಪೂರ್ತಿ ಕಾರ್ಡಲ್ಲಿ ತೂತು ದೊಡ್ಡದಾಗ್ತಾ ಹೋಗೋದು, ಬೋನಸ್ ಬಂದ ದಿನ ಮುಚ್ಚೋದು, ಮತ್ತೆ ಶುರು. ಅವರಿಗೆ ‘ಬೋನಸ್ ಬಂತು, ಕಾರ್ಡ್ ಕ್ಲಿಯರ್ ಮಾಡಿದ್ವಿ’ ಅನ್ನೋದು ಶಿಸ್ತು ಥರ ಕಾಣ್ತಿತ್ತು, ಮೇಡಂ ಅದನ್ನ ಸ್ವಲ್ಪ ಹೆಮ್ಮೆಯಿಂದಾನೇ ಹೇಳಿದ್ರು ಕೂಡ. ಆ ವರ್ಷ ಬೋನಸ್ 80ರ ಬದಲು 40 ಬಂತು. ತೂತು ಮುಚ್ಚಲಿಲ್ಲ. ಹಳೇದೂ ಸ್ವಲ್ಪ ಸೇರಿ ಕಾರ್ಡಲ್ಲಿ 60 ಬಾಕಿ ಕೂತ್ಕೊಳ್ತು. ಅವರ ಮಟ್ಟಿಗೆ ಕಷ್ಟ ಶುರುವಾಗಿದ್ದು ಆಗ, ನಿಜವಾಗಿ ಶುರುವಾಗಿ ನಾಕೈದು ವರ್ಷ ಆಗಿತ್ತು.

ಕಾರ್ಡ್ ಬಾಕಿ ವಿಷಯ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಯಜಮಾನ್ರು ಲೆಕ್ಕದಲ್ಲಿ ಚುರುಕು ಮನುಷ್ಯ ಆದ್ರೂ ಇದ್ರಲ್ಲಿ ಎಡವಿದ್ರು. ಅವರ ಕಾರ್ಡಿನ ಬಡ್ಡಿ ತಿಂಗಳಿಗೆ 3 ಪರ್ಸೆಂಟು. ಕೇಳೋಕೆ ಚಿಕ್ಕದು, ಚಕ್ರಬಡ್ಡಿ ಹಾಕಿದ್ರೆ ವರ್ಷಕ್ಕೆ 42 ದಾಟುತ್ತೆ. ಮಿನಿಮಮ್ ಅಂತ ಬಾಕಿಯ 5 ಪರ್ಸೆಂಟ್ ಮಾತ್ರ ಕಟ್ಟಿದ್ರೆ ಅದ್ರಲ್ಲಿ 3 ಬಡ್ಡಿಗೇ ಹೋಯ್ತು, ಅಸಲು ಇಳಿಯೋದು 2. ಮೇಲಾಗಿ ಬಾಕಿ ಉಳಿಸ್ಕೊಂಡಿದ್ರೆ ಹೊಸದಾಗಿ ತಗೊಂಡಿದ್ದಕ್ಕೆ ಸಿಗೋ ಬಡ್ಡಿ ಇಲ್ಲದ ದಿನಗಳೂ ಹೋಗ್ತವೆ, ಇವತ್ತು ಉಜ್ಜಿದ ದುಡ್ಡಿಗೆ ಇವತ್ತಿಂದಾನೇ ಬಡ್ಡಿ. ಇದು ಗೊತ್ತಿದ್ರೂ ಅವರು ಮಿನಿಮಮ್ ಕಟ್ತಿದ್ರು, ಯಾಕಂದ್ರೆ ‘ಮುಂದಿನ ಬೋನಸ್ಸಲ್ಲಿ ನೋಡ್ಕೊಳ್ಳೋಣ’.

ನನ್ನತ್ರ ಬರೋಕೆ ಮುಂಚೆ ಅವರು ಸುಮ್ನೆ ಕೂತಿರ್ಲಿಲ್ಲ. ಒಂದ್ಸಲ ಖರ್ಚು ಬರ್ಕೊಳ್ಳೋ ಆ್ಯಪ್ ಹಾಕ್ಕೊಂಡಿದ್ರು, ಓಟಿಟಿ ಕಟ್ ಮಾಡಿದ್ರು, ಹೊರಗಡೆ ಊಟ ನಿಲ್ಸಿದ್ರು. ಆರು ವಾರ ನಡೀತು. ತಿಂಗಳಿಗೆ 2 ಉಳೀತು, ಜಗಳ ಮಾತ್ರ 20ರಷ್ಟಾಯ್ತು. ಮಗಳಿಗೆ ತಂದ ಒಂದು ಪೆನ್ಸಿಲ್ ಬಾಕ್ಸ್ ಬಗ್ಗೆ ರಾತ್ರಿ ಹನ್ನೊಂದಕ್ಕೆ ವಾದ ಮಾಡ್ತಿದ್ವಿ ಅಂತ ಮೇಡಂ ಹೇಳ್ದಾಗ ಇಬ್ರಿಗೂ ನಗು ಬಂತು, ಆದ್ರೆ ಅವತ್ತು ನಗು ಬಂದಿರ್ಲಿಲ್ಲ ಅಂತ ಗೊತ್ತಾಗ್ತಿತ್ತು. 73 ಕಣ್ಣಿಗೇ ಬೀಳ್ದೆ ಕಟ್ ಆಗೋ ಮನೇಲಿ ಕಣ್ಣಿಗೆ ಬೀಳೋ 13ರ ಮೇಲೆ ಮಾತ್ರ ಜಗಳ ಆಗುತ್ತೆ, ಆ 13ರಲ್ಲಿ ಇರೋದೋ ಮಕ್ಕಳ ಸಂತೋಷ, ಅವರಿಬ್ಬರ ಸಂತೋಷ.

ಇನ್ನೊಂದು ಪ್ರಯತ್ನ ಅದಕ್ಕಿಂತ ಕೆಟ್ಟದಾಯ್ತು. ಅದಕ್ಕೂ ಹಿಂದಿನ ವರ್ಷ ಕಾರ್ಡ್ ಬಾಕಿ ತೀರಿಸೋಕೆ ಪರ್ಸನಲ್ ಲೋನ್ ಟಾಪ್ ಅಪ್ ಮಾಡಿಸಿದ್ರು, ಅಂದ್ರೆ ಇದ್ದ ಲೋನಿನ ಮೇಲೇ ಇನ್ನಷ್ಟು ತಗೊಂಡ್ರು. ಲೆಕ್ಕದ ಪ್ರಕಾರ ಸರಿನೇ, ಜಾಸ್ತಿ ಬಡ್ಡಿದನ್ನ ಕಮ್ಮಿ ಬಡ್ಡಿಗೆ ತಂದ್ರು. ಕಂತು 4 ಇದ್ದಿದ್ದು 7 ಆಯ್ತು. ಆದ್ರೆ ಕಾರ್ಡ್ ಖಾಲಿ ಆಯ್ತಲ್ಲ, ಖಾಲಿ ಲಿಮಿಟ್ ನೋಡಿದ್ರೆ ಅದು ದುಡ್ಡು ಅಂತ್ಲೇ ಅನ್ಸುತ್ತೆ, ತಿಂಗಳ ತೂತು ಹಾಗೇ ಇತ್ತು, ನಾಕೇ ತಿಂಗಳಿಗೆ ಕಾರ್ಡ್ ಮತ್ತೆ ತುಂಬೋಕೆ ಶುರುವಾಯ್ತು. ಸಾಲಲ್ಲ ಅಂತ ಸಾಲ, ಆ ಸಾಲನೂ ಸಾಲಲ್ಲ.

ಎರಡನೇ ಸಲದ ಮಾತಲ್ಲೇ ಒಂದು ತಿರುವು ಬಂತು, ಅದನ್ನ ತಂದಿದ್ದು ನಾನಲ್ಲ. ಮೇಡಂ ಪೇಪರ್ ಮೇಲೆ 107 ಅಂತ ಬರ್ದಿದ್ದನ್ನೇ ನೋಡ್ತಾ ಕೂತಿದ್ದೋರು, ‘ರೀ, ಮದುವೆ ಆದ ಹೊಸದ್ರಲ್ಲಿ ಸೈಟಿಗೆ ಅಂತ ತಿಂಗಳಾ ಎಷ್ಟು ತೆಗೆದಿಡ್ತಿದ್ವಿ ನೆನಪಿದೆಯಾ?’ ಅಂದ್ರು. ಯಜಮಾನ್ರಿಗೆ ನೆನಪಿತ್ತು. ಇವತ್ತಿನ ಲೆಕ್ಕಕ್ಕೆ ತಂದು ನೋಡಿದ್ರೆ 30 ಬರೋವಾಗ 4 ಉಳಿಸ್ತಿದ್ರು. 100 ಬರೋವಾಗ ಮೈನಸ್ 7. ಸುಮಾರು ಹೊತ್ತು ಯಾರೂ ಮಾತಾಡ್ಲಿಲ್ಲ. ಆಮೇಲೆ ಯಜಮಾನ್ರೇ ‘ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ನಮ್ದು ಹಾಸಿಗೆನೂ ಕಂತಲ್ಲೇ ತಗೊಂಡಿದ್ದು’ ಅಂದ್ರು. ಅದು ನಿಜವಾಗ್ಲೂ ಕಂತಲ್ಲೇ ತಗೊಂಡಿದ್ದು, ಸ್ಟೇಟ್‌ಮೆಂಟಲ್ಲಿತ್ತು.

30ರಿಂದ 100ಕ್ಕೆ ಬಂದ ದಾರೀನ ತಾರೀಖು ಹಾಕಿ ಬರೆದ್ವಿ. ಯಾವ ತಿಂಗಳು ಸಂಬಳ ಏರಿತು, ಯಾವ ತಿಂಗಳು ಯಾವ ಸಾಲಕ್ಕೆ ಸೈನ್ ಹಾಕಿದ್ರು. ಒಂಬತ್ತು ವರ್ಷದಲ್ಲಿ ಐದು ದೊಡ್ಡ ನಿರ್ಧಾರ, ಐದೂ ಸಂಬಳ ಏರಿದ ಎರಡು ಮೂರು ತಿಂಗಳ ಒಳಗೆ. ಮನೆ, ಸ್ಕೂಲ್ ಬದಲಾವಣೆ, ಒಳಾಂಗಣ ಕೆಲಸ, ಎರಡನೇ ಕಾರು, ಪಾಲಿಸಿ. ಒಂದೊಂದನ್ನೂ ಬಿಡಿಯಾಗಿ ನೋಡಿದ್ರೆ ತಪ್ಪು ಅನ್ನೋಕಾಗಲ್ಲ, ಪ್ರತಿ ಸಲನೂ ‘ಈಗ ಏರಿರೋದ್ರಲ್ಲಿ ಆರಾಮಾಗಿ ಆಗುತ್ತೆ’ ಅನ್ನೋ ಲೆಕ್ಕ ಸರಿಯಾಗೇ ಇತ್ತು. ಆದ್ರೆ ಏರಿದ್ದು ಅಷ್ಟಕ್ಕಷ್ಟೂ ಪ್ರತಿ ಸಲ ಕಂತಾಗಿ ಹೋಯ್ತು. ಜೇಮ್ಸ್ ಡ್ಯೂಸನ್‌ಬೆರಿ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ 1949ರಲ್ಲೇ ಬರ್ದಿದ್ದು ಇದ್ರ ಬಗ್ಗೆನೇ: ಜನ ಎಷ್ಟು ಖರ್ಚು ಮಾಡ್ತಾರೆ ಅನ್ನೋದು ಅವರ ಆದಾಯ ಎಷ್ಟು ಅನ್ನೋದ್ರಿಂದ ಮಾತ್ರ ತೀರ್ಮಾನ ಆಗಲ್ಲ, ಸುತ್ತಮುತ್ತ ಇರೋರು ಹೇಗಿದಾರೆ ಅನ್ನೋದ್ರಿಂದಾನೂ ಆಗುತ್ತೆ, ಒಂದ್ಸಲ ಏರಿದ ಮಟ್ಟ ಸುಲಭಕ್ಕೆ ಇಳಿಯಲ್ಲ. ಇವರ ಸುತ್ತಮುತ್ತ ಇದ್ದೋರು ಯಾರು ಅಂದ್ರೆ 130, 150 ಬರೋರು. ಪ್ರಮೋಷನ್ ಆದ್ಮೇಲೆ ಪಕ್ಕದ ಸೀಟಿನೋರು ಬದಲಾಗ್ತಾರೆ, ಮಕ್ಕಳ ಸ್ಕೂಲ್ ಬದಲಾದ್ರೆ ಮಕ್ಕಳ ಫ್ರೆಂಡ್ಸ್ ಮನೆಗಳು ಬದಲಾಗ್ತವೆ. ಅವರ ಮಧ್ಯೆ ಕೂತು ‘ಸಾಲ್ತಿಲ್ಲ’ ಅಂದ್ರೆ ಅದು ಸುಳ್ಳಲ್ಲ, ಅಲ್ಲಿ ಇವರೇ ಕಡಿಮೆ ಬರೋರು.

ಇಲ್ಲೊಂದು ಮಾತು. ಇದನ್ನ ನಾನು ಬಡತನ ಅಂತ ಕರೀತಿಲ್ಲ, ಕರೆದ್ರೆ ತಪ್ಪಾಗುತ್ತೆ. ನಿಜವಾಗ್ಲೂ ಸಂಬಳ ಸಾಲದೇ ಇರೋರ ಮನೇಲಿ ಮಾರೋಕೆ ಎರಡನೇ ಕಾರಿರಲ್ಲ, ಮುಂದೂಡೋಕೆ ಏನೂ ಇರಲ್ಲ. ಅಂಥವರ ಎದುರಿಗೆ ಇವರು ಗೋಳು ಹೇಳ್ಕೊಂಡ್ರೆ ಅವರಿಗೆ ಸಿಟ್ಟು ಬರೋದು ನ್ಯಾಯ. ಆದ್ರೆ ಸಿಟ್ಟಿನಿಂದ ಲೆಕ್ಕ ಬಗೆಹರಿಯಲ್ಲ.

ಈಗ ನನ್ನ ತಪ್ಪಿಗೆ ಬರ್ತೀನಿ. ನನಗೆ ಪೇಪರ್ ಮೇಲೆ ಉತ್ತರ ಕಣ್ಣಿಗೆ ಹೊಡೆಯೋ ಹಾಗೆ ಕಾಣ್ತಿತ್ತು. ಸೈಟಿನ ಬೆಲೆ ಸುಮಾರು 900. ಮನೆ ಸಾಲ ಬಿಟ್ಟು ಮಿಕ್ಕ ಸಾಲ ಎಲ್ಲಾ ಸೇರಿ 560. ಸೈಟ್ ಮಾರಿದ್ರೆ ಎಲ್ಲಾ ತೀರಿ ತಿಂಗಳಿಗೆ 22ರ ಕಂತು ನಿಂತು ಹೋಗುತ್ತೆ, ಕೈಯಲ್ಲೂ ದುಡ್ಡು ಉಳಿಯುತ್ತೆ. ಇನ್ನೇನ್ ಬೇಕು? ಹಾಗಂತ ಹೇಳ್ದೆ. ಯಜಮಾನ್ರು ಆಗಲ್ಲ ಅಂದ್ರು. ಅದು ಮಕ್ಕಳಿಗೆ ಅಂದ್ರು, ನಾನು ಬಿಡ್ಲಿಲ್ಲ, ಮಕ್ಕಳಿಗೆ ಬೇಕಾಗೋದು ಹತ್ತು ವರ್ಷ ಆದ್ಮೇಲೆ ಅಂದೆ. ಕೊನೆಗೆ ಅವರು, ‘ಸೈಟ್ ಮಾರಿದ್ರು ಅಂದ್ರೆ ಇವರಿಗೇನೋ ಕಷ್ಟ ಬಂದಿದೆ ಅಂತ ಜನ ಅಂದ್ಕೊಳ್ತಾರೆ’ ಅಂದ್ರು.

‘ಬಂದಿದೆ ಅಲ್ವಾ ಸರ್?’ ಅಂದೆ.

ಅವರು ಪೇಪರ್ ಮಡಚಿ ಜೇಬಿಗೆ ಇಟ್ಕೊಂಡ್ರು. ಮೂರು ತಿಂಗಳು ಬರ್ಲಿಲ್ಲ. ಆ ಮಾತು ನಾನು ಆಡ್ಬಾರ್ದಿತ್ತು, ಅಥವಾ ಆಡೋ ಹೊತ್ತು ಅದಾಗಿರ್ಲಿಲ್ಲ. ಆ ಮೂರು ತಿಂಗಳಲ್ಲಿ ತಿಂಗಳಾ 7ರ ತೂತು, ಅದರ ಮೇಲೆ 3 ಪರ್ಸೆಂಟ್ ಬಡ್ಡಿ, ಕಾರ್ಡ್ ಬಾಕಿ 60 ಇದ್ದಿದ್ದು 87 ಆಯ್ತು. ಅವರ ಸಂಬಳದ ಕಾಲು ಭಾಗಕ್ಕಿಂತ ಜಾಸ್ತಿ ನನ್ನ ಬಾಯಿಂದ ಹೋಯ್ತು ಅಂತ ಈಗ್ಲೂ ಅನ್ಸುತ್ತೆ. ಲೆಕ್ಕದಲ್ಲಿ ಅತಿ ದೊಡ್ಡದಾಗಿರೋ ಪರಿಹಾರ ಮನುಷ್ಯನಿಗೆ ಅತಿ ಮೊದಲನೇದಾಗಿ ಹೇಳೋದಲ್ಲ ಅನ್ನೋದನ್ನ ನಾನು ಕಲ್ತಿದ್ದು ಇಲ್ಲೇ.

ಮೂರು ತಿಂಗಳಾದ್ಮೇಲೆ ಮೇಡಂ ಒಬ್ರೇ ಫೋನ್ ಮಾಡಿದ್ರು. ಸೈಟ್ ಮಾತು ಬೇಡ, ಬೇರೆ ಏನ್ ಮಾಡ್ಬಹುದು ಹೇಳಿ ಅಂದ್ರು. ಮಾತಿನ ಮಧ್ಯೆ ಇನ್ನೊಂದು ವಿಷಯ ಗೊತ್ತಾಯ್ತು, ಇಷ್ಟು ದಿನ ಶೀಟಿಗೇ ಬಂದಿರ್ಲಿಲ್ಲ: ಮಗಳ ಹೆಸರಿನ ಡಬ್ಬಿ ಅಂತ ಒಂದು ಎಫ್‌ಡಿ ಇದೆ, 50, ವರ್ಷಕ್ಕೆ 7 ಪರ್ಸೆಂಟ್ ಬಡ್ಡಿ. ಒಂದೇ ಮನೇಲಿ ಒಂದು ಕಡೆ ವರ್ಷಕ್ಕೆ 7 ದುಡೀತಾ ಇರೋ ದುಡ್ಡು, ಇನ್ನೊಂದು ಕಡೆ ವರ್ಷಕ್ಕೆ 42 ತಿಂತಾ ಇರೋ ಸಾಲ, ಎರಡಕ್ಕೂ ಪರಿಚಯವೇ ಇಲ್ಲ. 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ತಗೊಂಡ ರಿಚರ್ಡ್ ಥೇಲರ್ ಈ ಥರ ಮನಸ್ಸಲ್ಲೇ ಡಬ್ಬಿ ಮಾಡಿ ದುಡ್ಡಿಡೋ ಅಭ್ಯಾಸದ ಮೇಲೆನೇ ವರ್ಷಗಟ್ಲೆ ಕೆಲಸ ಮಾಡಿದಾರೆ. ಡಬ್ಬಿಯಿಂದ ಉಪಯೋಗನೂ ಇದೆ, ಆ ಹೆಸರು ಇಲ್ದೇ ಇದ್ದಿದ್ರೆ ಆ 50 ಯಾವಾಗ್ಲೋ ಖರ್ಚಾಗಿರ್ತಿತ್ತು. ನಾನು ಈ ಸಲ ಒತ್ತಾಯ ಮಾಡ್ಲಿಲ್ಲ, ಎರಡೂ ಬಡ್ಡಿ ಪಕ್ಕ ಪಕ್ಕ ಬರ್ದು ಕಳಿಸ್ದೆ. ಎರಡು ದಿನ ಬಿಟ್ಟು ‘ಮುರಿಸಿದೆ’ ಅಂತ ಮೆಸೇಜ್ ಬಂತು. ಅಮ್ಮ ಮಗಳ ಹತ್ರ ಸಾಲ ತಗೊಂಡಿದಾಳೆ ಅಂತ ಒಂದು ಚೀಟಿ ಬರ್ದು ಫ್ರಿಜ್ಜಿಗೆ ಅಂಟಿಸಿದಾರಂತೆ. 87 ಇದ್ದಿದ್ದು 37ಕ್ಕೆ ಇಳೀತು.

ಅದಾದ್ಮೇಲೆ ಯಜಮಾನ್ರು ವಾಪಸ್ ಬಂದ್ರು. ಕಾರಿನ ಮಾತು ಅವರೇ ತೆಗೆದ್ರು. ಎರಡನೇ ಕಾರು ಮಾರಿದ ದುಡ್ಡಲ್ಲಿ ಅದ್ರ ಸಾಲ ತೀರಿತು, ಕೈಗೆ ಒಂದು ಪೈಸೆ ಉಳೀಲಿಲ್ಲ, ಆದ್ರೆ ತಿಂಗಳಿಗೆ 9 ನಿಂತು ಹೋಯ್ತು. ಆಫೀಸಿಗೆ ಕ್ಯಾಬಲ್ಲಿ ಹೋಗೋದಕ್ಕೆ 2 ಆಗುತ್ತೆ, ನಿವ್ವಳ 7. ಪಾಲಿಸಿಗಳಲ್ಲಿ ಒಂದಕ್ಕೆ ಪ್ರೀಮಿಯಂ ಕಟ್ಟೋದು ನಿಲ್ಸಿ ಪೇಯ್ಡ್ ಅಪ್ ಮಾಡ್ಸಿ (ಅಲ್ಲೀವರೆಗೆ ಕಟ್ಟಿದ್ದಕ್ಕೆ ತಕ್ಕಷ್ಟು ಪಾಲಿಸಿ ಉಳಿಯುತ್ತೆ), ಅದ್ರ ಬದಲು ಬರೀ ಜೀವ ವಿಮೆ ಇರೋ ಟರ್ಮ್ ಪಾಲಿಸಿ ತಗೊಂಡ್ರು, ಕವರ್ ಜಾಸ್ತಿ ಆಯ್ತು, ತಿಂಗಳಿಗೆ 2 ಉಳೀತು. 13ರ ವಿಷಯಕ್ಕೆ ಆ್ಯಪೂ ಬೇಡ ಜಗಳಾನೂ ಬೇಡ ಅಂತ ಬೇರೆ ಅಕೌಂಟ್ ಮಾಡಿ ಪ್ರತಿ ಸೋಮವಾರ ಅದಕ್ಕೆ ಇಷ್ಟು ಅಂತ ಹಾಕೋದು, ಅದು ಖಾಲಿ ಆದ್ರೆ ಆ ವಾರ ಮುಗೀತು, ಯಾರು ಯಾಕೆ ಖರ್ಚು ಮಾಡಿದ್ರು ಅಂತ ಯಾರೂ ಕೇಳೋ ಹಾಗಿಲ್ಲ. 13 ಇದ್ದಿದ್ದು 10ಕ್ಕೆ ನಿಂತಿತು. ಕಾರ್ಡ್ ಒಂದನ್ನ ಮುಚ್ಚಿದ್ರು, ಇನ್ನೊಂದರ ಲಿಮಿಟ್ಟನ್ನ ಅವರೇ ಬ್ಯಾಂಕಿಗೆ ಹೇಳಿ ಇಳಿಸ್ಕೊಂಡ್ರು. ಹಿಂದಿನ ಸಲ ಟಾಪ್ ಅಪ್ ಮಾಡ್ದಾಗ ಬಿಟ್ಟು ಹೋಗಿದ್ದು ಈ ಕೊನೇ ಕೆಲಸನೇ.

107 ಇದ್ದಿದ್ದು 95 ಆಯ್ತು. ಕಣ್ಣಿಗೆ ದೊಡ್ಡದಾಗಿ ಕಾಣಲ್ಲ, ಆದ್ರೆ ಮೈನಸ್ 7ರಿಂದ ಪ್ಲಸ್ 5.

ಮನೆ ಸಾಲ ಮುಟ್ಲಿಲ್ಲ. ಯಜಮಾನ್ರಿಗೆ ಅದ್ರಲ್ಲೂ ಏನಾದ್ರೂ ಮಾಡೋ ಉತ್ಸಾಹ ಬಂದಿತ್ತು, ಐದು ವರ್ಷ ಕಟ್ಟಿದೀನಿ ಕಾಲು ಭಾಗ ತೀರಿರ್ಬೇಕು ಅಂದ್ಕೊಂಡಿದ್ರು. 20 ವರ್ಷದ ಸಾಲ, 9 ಪರ್ಸೆಂಟ್ ಬಡ್ಡಿ ಅಂದ್ರೆ ಮೊದಲನೇ ಕಂತಿನ ಪ್ರತಿ 100ರಲ್ಲಿ 83 ಬಡ್ಡಿ, ಐದು ವರ್ಷ ತಪ್ಪದೆ ಕಟ್ಟಿದ್ರೂ ಅಸಲಲ್ಲಿ ತೀರೋದು 11 ಪರ್ಸೆಂಟಿನಷ್ಟು. ಅದನ್ನ ಕೇಳಿ ಸ್ವಲ್ಪ ಮಂಕಾದ್ರು. ಆದ್ರೆ ಕಾರ್ಡ್ ಬಾಕಿ ಇರೋವಾಗ ಮನೆ ಸಾಲಕ್ಕೆ ಜಾಸ್ತಿ ಕಟ್ಟೋದ್ರಲ್ಲಿ ಅರ್ಥ ಇರ್ಲಿಲ್ಲ, ಬಿಟ್ವಿ.

ಏಳನೇ ತಿಂಗಳಲ್ಲಿ ಯಜಮಾನ್ರ ಅಪ್ಪ ಆಸ್ಪತ್ರೆ ಸೇರಿದ್ರು. ವಿಮೆ ಹೋಗಿ ಕೈಯಿಂದ ಕಟ್ಬೇಕಾಗಿದ್ದು 35. ಅವತ್ತು ಸಂಜೆ ಯಜಮಾನ್ರು ಆಸ್ಪತ್ರೆ ಕಾರಿಡಾರಿಂದ ಫೋನ್ ಮಾಡಿ, ಪೀಠಿಕೆನೇ ಇಲ್ದೆ, ‘ಸೈಟ್ ಮಾರ್ಬಿಡ್ತೀನಿ’ ಅಂದ್ರು. ನಾಕು ದಿನದಲ್ಲಿ ಇಬ್ರು ಬ್ರೋಕರ್ ಬಂದ್ರು. ಅರ್ಜೆಂಟ್ ಅಂತ ಗೊತ್ತಾದ ತಕ್ಷಣ 900ರ ಸೈಟಿಗೆ 700ರ ಆಸುಪಾಸು ಹೇಳಿದ್ರು, ಅದೂ ಕಾಗದ ಪತ್ರ ನೋಡಿ ದುಡ್ಡು ಕೈಗೆ ಬರೋಕೆ ಎರಡು ಮೂರು ತಿಂಗಳು. ಆಸ್ಪತ್ರೆ ಬಿಲ್ಲು ಎರಡು ತಿಂಗಳು ಕಾಯಲ್ಲ. ಕೊನೆಗೆ ಮೇಡಂ ತಮ್ಮ 30 ಕೊಟ್ಟ, ಬಡ್ಡಿ ಇಲ್ದೆ, ಮಿಕ್ಕ 5 ಆ ತಿಂಗಳು ಕಾರ್ಡಿಗೆ ಕಟ್ಬೇಕಾಗಿದ್ದ ದುಡ್ಡಿಂದ ಹೋಯ್ತು. ಭಾವ, ಇದಕ್ಕೆಲ್ಲಾ ಥ್ಯಾಂಕ್ಸ್ ಹೇಳ್ಬೇಡಿ ಅಂತ ಅವನು ಅಂದಿದ್ದು ಯಜಮಾನ್ರಿಗೆ ಬಹಳ ದಿನ ಚುಚ್ತಿತ್ತು, ಯಾಕಂದ್ರೆ ಆ ಹುಡುಗನಿಗೆ ಬರೋ ಸಂಬಳ ಇವರಿಬ್ಬರದರ ಕಾಲು ಭಾಗನೂ ಇಲ್ಲ. ಅವನ ಹತ್ರ 30 ಇತ್ತು. ಇವರ ಹತ್ರ ಇರ್ಲಿಲ್ಲ.

ಇಂಥ ಮನೆಗಳ ಬಗ್ಗೆ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿದಾರೆ. 2014ರಲ್ಲಿ ಗ್ರೆಗ್ ಕ್ಯಾಪ್ಲನ್, ಜೊವಾನಿ ವಯೊಲಾಂಟೆ, ಜಸ್ಟಿನ್ ವೈಡ್ನರ್ ಅನ್ನೋ ಮೂವರು ಅಮೆರಿಕ, ಕೆನಡಾ, ಬ್ರಿಟನ್, ಜರ್ಮನಿ ಸೇರಿ ಎಂಟು ದೇಶದ ಕುಟುಂಬಗಳ ಲೆಕ್ಕ ನೋಡಿದ್ರು. ಬಂದ ಸಂಬಳ ಬಂದ ಹಾಗೇ ಖಾಲಿ ಮಾಡ್ಕೊಂಡು ಬದುಕೋರು ಅಂದ್ರೆ ಆಸ್ತಿ ಇಲ್ದೋರು ಅಂತ ನಾವು ಅಂದ್ಕೊಳ್ತೀವಿ, ಆದ್ರೆ ಅಮೆರಿಕದಲ್ಲಿ ಹಾಗೆ ಬದುಕೋ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಆಸ್ತಿ ಇರೋರೇ. ಮನೆ ಇರುತ್ತೆ, ನಿವೃತ್ತಿ ನಿಧಿ ಇರುತ್ತೆ, ತಕ್ಷಣ ಕೈಗೆ ಸಿಗೋ ದುಡ್ಡು ಮಾತ್ರ ಇರಲ್ಲ. ಇದನ್ನ ನಾನು ಯಜಮಾನ್ರಿಗೆ ಹೇಳ್ದಾಗ ಅವರಿಗೆ ಸಮಾಧಾನ ಆಯ್ತೋ ಬೇಜಾರಾಯ್ತೋ ಗೊತ್ತಾಗ್ಲಿಲ್ಲ, ‘ಹಾಗಾದ್ರೆ ನಮ್ದೊಂದು ಜಾತಿನೇ ಇದೆ ಅನ್ನಿ’ ಅಂದ್ರು.

ಅವರ ‘ಸಾಲ್ತಿಲ್ಲ’ ಅನ್ನೋ ಒಂದೇ ಪದದಲ್ಲಿ ಮೂರು ಬೇರೆ ಬೇರೆ ದೂರು ಇದ್ವು, ಅದನ್ನ ಬಿಡಿಸೋಕೆ ನನಗೆ ಇಷ್ಟು ತಿಂಗಳು ಬೇಕಾಯ್ತು. ಒಂದು, ಬರೋದಕ್ಕಿಂತ ಹೋಗೋದು ಜಾಸ್ತಿ, ಅದು 107. ಎರಡು, ಇದೆ ಆದ್ರೆ ಬೇಕಾದಾಗ ಕೈಗೆ ಸಿಗಲ್ಲ, ಅದು ಸೈಟು. ಮೂರು, ಪಕ್ಕದೋರಷ್ಟು ಇಲ್ಲ, ಅದಕ್ಕೆ ಅಂಕಿನೇ ಇಲ್ಲ. ಮೊದಲನೇದಕ್ಕೆ ಲೆಕ್ಕ ಬೇಕು, ಎರಡನೇದಕ್ಕೆ ಸಮಯ ಬೇಕು, ಮೂರನೇದಕ್ಕೆ ನನ್ನಂಥ ಅಕೌಂಟ್ಸ್‌ನೋರ ಹತ್ರ ಏನೂ ಇಲ್ಲ. ನಾನು ಮೊದಲನೇದನ್ನ ಎರಡನೇದರಿಂದ ಬಗೆಹರಿಸೋಕೆ ಹೋಗಿ ಮೂರನೇದಕ್ಕೆ ಕೈ ಹಾಕಿದ್ದೆ. ಬೇರೆಯವರ ಲೆಕ್ಕ ನೋಡೋರು ಯಾರಾದ್ರೂ ಇದನ್ನ ಓದ್ತಿದ್ರೆ, ಮೊದಲು ಈ ಮೂರರಲ್ಲಿ ಯಾವ್ದು ಅಂತ ಕೇಳಿ. ಬೋನಸ್ ಎಲ್ಲಿಗೆ ಹೋಗುತ್ತೆ ಅಂತ್ಲೂ ಕೇಳಿ, ಅದನ್ನ ಕೇಳಿದ್ರೆ ಅರ್ಧ ಗಂಟೇಲಿ ಗೊತ್ತಾಗೋದು ನನಗೆ ಮೂರು ಗಂಟೆ ಹಿಡೀತು.

ಹತ್ತನೇ ತಿಂಗಳು ಬೋನಸ್ ಬಂತು, 45. ತಮ್ಮನ 30 ವಾಪಸ್ ಕೊಟ್ರು, ಕಾರ್ಡಲ್ಲಿ ಉಳಿದಿದ್ದ 13ರಷ್ಟು ಕಟ್ಟಿದ್ರು, 2 ಉಳೀತು. ಅದೇ ಹೊತ್ತಿಗೆ ಕಾರ್ಡಿನ ಕಂತುಗಳೂ ಒಂದೊಂದೇ ಮುಗಿದು 6 ಬಿಡುವಾಯ್ತು, ಸ್ಕೂಲ್ ಫೀಸ್ 2 ಏರಿತು. ಅಲ್ಲಿಂದ ಎಂಟು ತಿಂಗಳಲ್ಲಿ ಅವರ ಹತ್ರ ಸುಮಾರು 70 ಸೇರಿದೆ, ಬೇರೆ ಬ್ಯಾಂಕಲ್ಲಿ, ಕಾರ್ಡ್ ಇಲ್ಲದ ಅಕೌಂಟಲ್ಲಿ. ಒಂದು ತಿಂಗಳ ಸಂಬಳದಷ್ಟೂ ಇಲ್ಲ, ಆದ್ರೂ ಒಂಬತ್ತು ವರ್ಷದಲ್ಲಿ ಮೊದಲನೇ ಸಲ. ಮಗಳ ಚೀಟಿ ಇನ್ನೂ ಫ್ರಿಜ್ಜಿನ ಮೇಲಿದೆ. ಸೈಟ್ ಮಾರಾಟಕ್ಕಿದೆ, ಅವಸರ ಇಲ್ಲ, 900ಕ್ಕೆ ಕಮ್ಮಿ ಕೊಡಲ್ಲ ಅಂತ ಯಜಮಾನ್ರು ಬ್ರೋಕರ್‌ಗಳಿಗೆ ಹೇಳೋವಾಗ ದನೀಲಿ ಒಂದು ಗತ್ತು ಇರುತ್ತೆ.

ಹೋದ ತಿಂಗಳು ಯಜಮಾನ್ರಿಗೆ ಪ್ರಮೋಷನ್ ಆಯ್ತು. ಅವತ್ತು ರಾತ್ರಿ ನನಗೊಂದು ಮೆಸೇಜ್: ‘ಒಂದು ಕಾರ್ ನೋಡ್ತಿದೀನಿ, ಸೆಕೆಂಡ್ ಹ್ಯಾಂಡೇ, ಸುಮ್ನೆ ನೋಡ್ತಿದೀನಿ ಅಷ್ಟೇ, ಏನಂತೀರಾ?’ ಐದು ನಿಮಿಷಕ್ಕೆ ಮೇಡಂ ನಂಬರಿಂದ ಇನ್ನೊಂದು: ‘ಅವರಿಗೆ ರಿಪ್ಲೈ ಮಾಡ್ಬೇಡಿ, ನಾನ್ ನೋಡ್ಕೊತೀನಿ.’

ನಾನು ಮಾಡ್ಲಿಲ್ಲ.